ತಮ್ಮನ ಮಾಸ್ಕ್ ಬಿಗಿಯುವ ಅಣ್ಣ

ಅಣ್ಣ ತಮ್ಮ ಇಬ್ಬರೂ ಒಂದೇ ವರ್ಷ ವಾಯುಪಡೆಯ ಪೈಲಟ್ ಪರೀಕ್ಷೆಗೆ ಕೂತಿದ್ದರು. ಅಣ್ಣನ ಕಣ್ಣಿಗೆ ಕೆಂಪು, ಹಸಿರು ಬೇರೆಯಾಗಿ ಕಾಣಲಿಲ್ಲ. ತಮ್ಮ ಅತಿ ಎತ್ತರದಲ್ಲಿ ಹಾರುವ ವಿಮಾನ ಏರಿದ. ಅಣ್ಣ ಅದೇ ನೆಲೆಯಲ್ಲಿ ಪೈಲಟ್‌ಗಳಿಗೆ ಉಡುಪು ತೊಡಿಸುವ ಕೆಲಸಕ್ಕೆ ಸೇರಿದ.

ಹದಿನಾಲ್ಕು ವರ್ಷದಿಂದ ತಮ್ಮನ ಬೂಟಿನ ಜಿಪ್ಪು ಎಳೆಯುವಾಗಲೆಲ್ಲ ಹೊಟ್ಟೆ ಉರಿಯುತ್ತದೆಂದು ಅಣ್ಣನೇ ಒಪ್ಪಿಕೊಳ್ಳುತ್ತಾನೆ. ಮನೆಯ ಗೋಡೆಯಲ್ಲಿ ತಮ್ಮನ ಫೋಟೊ ಮೂರು. ಅಣ್ಣನದು ಮದುವೆಯದೊಂದೇ, ಅದರಲ್ಲೂ ನಡುವೆ ನಿಂತವನು ತಮ್ಮ.

ಹಾರುವ ಮುನ್ನ ಪೈಲಟ್ ಮಾಸ್ಕ್ ತೊಟ್ಟು ಒಂದು ಗಂಟೆ ಬರೀ ಆಮ್ಲಜನಕ ಉಸಿರಾಡಬೇಕು. ಇಲ್ಲದಿದ್ದರೆ ಮೇಲೆ ಒತ್ತಡ ಇಳಿದಾಗ, ಸೋಡಾ ಬಾಟಲಿ ತೆರೆದಂತೆ, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕೀಲುಗಳಲ್ಲಿ ಕೂರುತ್ತದೆ. ನಡುವೆ ಮಾಸ್ಕ್ ಸರಿದರೆ ಗಂಟೆ ಮತ್ತೆ ಮೊದಲಿನಿಂದ ಶುರು. ಅದನ್ನು ನೋಡಿಕೊಳ್ಳುವುದು ಉಡುಪು ತೊಡಿಸುವವನ ಹೊಣೆ.

ಹೋದ ವರ್ಷ ಅಣ್ಣ ಒಮ್ಮೆ ತಮ್ಮನ ಗಂಟೆಯನ್ನು ಹಾಗೆ ಶುರುಮಾಡಿಸಿದ್ದ. ಹೊತ್ತು ಮೀರಿ, ಹಾರಾಟ ಬದಲಿ ಪೈಲಟ್‌ಗೆ ಹೋಯಿತು. ಗಡಿಯಾರ ಬರೀ ನೆಪ, ಹೊಟ್ಟೆಕಿಚ್ಚೇ ನಿಜ ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡರು. ಮನೆಯಲ್ಲಿ ಅಮ್ಮನೂ ಅದನ್ನೇ ಅಂದಳು.

ಹಾಗಾಗಿ ಈ ಮಾರ್ಚ್‌ನ ಒಂದು ಬೆಳಗ್ಗೆ, ನಲವತ್ತನೇ ನಿಮಿಷಕ್ಕೆ ತಮ್ಮ ಮಾಸ್ಕ್ ಎತ್ತಿ ಮೂಗು ಕೆರೆದುಕೊಂಡಾಗ, ಅಣ್ಣ ಕಂಡೂ ಕಾಣದವನಂತೆ ಕೂತ.

ಮಧ್ಯಾಹ್ನ ತಮ್ಮ ವಿಮಾನದಿಂದ ಇಳಿದದ್ದು ಒಂದೇ ಕಾಲೂರಿ. ಉಡುಪು ಬಿಚ್ಚುವಾಗ ಎಡ ಮೊಣಕಾಲಿಗೆ ಕೈ ತಾಗಿದ್ದೇ ಹಲ್ಲು ಕಚ್ಚಿದ. ವೈದ್ಯರಿಗೆ ತಿಳಿದರೆ ಹಾರಾಟ ನಿಲ್ಲುತ್ತದೆ, ಬಹುಶಃ ಶಾಶ್ವತವಾಗಿ. ತಿಳಿಸದಿದ್ದರೆ ನಾಳೆ ಬೆನ್ನುಹುರಿಗೇ ಪೆಟ್ಟು ಬೀಳಬಹುದು.

"ಉಳುಕಿದೆ ಅಷ್ಟೇ ಅಣ್ಣ. ಯಾರಿಗೂ ಹೇಳ್ಬೇಡ."

"ಬೆಳಗ್ಗೆ ನೀನು ಮಾಸ್ಕ್ ಎತ್ತಿದ್ದನ್ನ ನೋಡ್ದೆ. ಬಾಯಿ ಬಿಡ್ಲಿಲ್ಲ."

"ಈಗ್ಲೂ ಬಿಡ್ಬೇಡ."

ಅಣ್ಣ ಫೋನ್ ಎತ್ತಿದ. ತಮ್ಮನ ನೋವನ್ನೂ ತನ್ನ ತಪ್ಪನ್ನೂ ವೈದ್ಯರಿಗೆ ಒಂದೇ ಉಸಿರಿಗೆ ಹೇಳಿಬಿಟ್ಟ.

ಗುಳ್ಳೆ ಕರಗಿಸಲು ಗಾಳಿಯ ಒತ್ತಡ ಏರಿಸುವ ಉಕ್ಕಿನ ಕೋಣೆಯೊಂದು ಅಲ್ಲಿದೆ. ಅದರೊಳಗೆ ಆಮ್ಲಜನಕದ ಮಾಸ್ಕ್ ತೊಡಿಸಿ ಮಲಗಿಸಿದಾಗ, ಬಾಗಿಲು ಮುಚ್ಚುವ ಮುಂಚೆ ತಮ್ಮ ಕೇಳಿದ:

"ಈಗ ಹೊಟ್ಟೆ ತಣ್ಣಗಾಯ್ತಾ?"

"ಸುಳ್ಯಾಕೆ ಹೇಳ್ಲಿ, ಸ್ವಲ್ಪ ಆಯ್ತು. ಮಾಸ್ಕ್ ಮಾತ್ರ ಎತ್ಬೇಡ," ಎಂದ ಅಣ್ಣ. ಐದು ಗಂಟೆ ಹೊರಗೇ ನಿಂತಿದ್ದ.

ಕಾಲು ಉಳಿಯಿತು, ಹಾರಾಟ ಉಳಿಯಲಿಲ್ಲ. ಅಣ್ಣನನ್ನು ಉಗ್ರಾಣಕ್ಕೆ ಹಾಕಿದರು, ತಮ್ಮನಿಗೆ ಕಚೇರಿಯಲ್ಲಿ ಮೇಜು ಕೊಟ್ಟರು. ಈಗ ಇಬ್ಬರೂ ನೆಲೆಯ ಬಸ್ಸಿನಲ್ಲಿ ಒಟ್ಟಿಗೆ ಬರುತ್ತಾರೆ. ಮಾತು ಕಡಿಮೆ. ಡ್ರೈವರ್ ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುವುದು ಇವತ್ತಿಗೂ ತಮ್ಮನಿಗೇ.