ಪೂಜೆಗೆ ಕೂತ ಪುಸ್ತಕಗಳು

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಗೋರೆಗಾಂವ್‌ನ ಕಾಲೇಜಿಗೆ ಹೋಗುತ್ತಿದ್ದಾಗ, ಮುಂಬಯಿಯ ಕನ್ನಡ ಹೋಟೆಲ್ ಹುಡುಗರು ಓದುತ್ತಿದ್ದ ರಾತ್ರಿ ಶಾಲೆಗಳ ಬಗ್ಗೆ ಪ್ರಬಂಧ ಬರೆಯಬೇಕಾಗಿತ್ತು. ದಸರಾ ರಜೆಗೆ ಮುಂಚೆ ಒಪ್ಪಿಸದಿದ್ದರೆ ಫೇಲು. ಬೇಕಾದ ಪುಸ್ತಕ ಆಂಟಾಪ್ ಹಿಲ್ಲಿನಲ್ಲೇ, ನಮ್ಮ ಪಕ್ಕದ ಬಿಲ್ಡಿಂಗಿನ ಕನ್ನಡ ಸಂಘದ ಲೈಬ್ರರಿಯಲ್ಲಿತ್ತು.

ಎದ್ದು ಹೋಗಿ ತರಬಹುದಿತ್ತು. ಆದರೆ ಅವಳ ಮೇಡಂ ಡಿಸೈನ್ ಥಿಂಕಿಂಗ್ ಎಂಬ ಹೊಸ ಪದ್ಧತಿ ಕಲಿಸಿದ್ದರು. ಲೈಬ್ರರಿಗೆ ಕಾಲಿಡುವ ಮುಂಚೆ ಓದುಗರ ಮನಸ್ಸು ಅರಿಯಬೇಕು, ತೋಚಿದ್ದೆಲ್ಲ ಚೀಟಿಯಲ್ಲಿ ಬರೆದು ಅಂಟಿಸಬೇಕು, ಹುಡುಕಾಟದ ಮಾದರಿ ಮಾಡಿ ಪರೀಕ್ಷಿಸಬೇಕು. ಮನಸ್ಸು ಅರಿಯಲು ಸಿಕ್ಕವಳು ನಾನು.

"ಅಜ್ಜಿ, ಲೈಬ್ರರಿ ಅಂದ್ರೆ ನಿಂಗೆ ಕೈಸಾ ಫೀಲ್ ಆಗ್ತದೆ?"

"ಎಂತ ಫೀಲ್? ಫ್ಯಾನ್ ಇಲ್ಲ, ಸೆಕೆ ಆಗ್ತದೆ."

ನನ್ನ ಸೆಕೆ ಹಳದಿ ಚೀಟಿಯಾಗಿ ಫ್ರಿಜ್ಜಿನ ಬಾಗಿಲಿಗೇರಿತು. ಬರಬರುತ್ತ ಚೀಟಿಗಳು ಅಡುಗೆಮನೆಯ ಟೈಲ್ಸ್ ತುಂಬಿ, ಇಡ್ಲಿಯ ಹಬೆಗೆ ಕಳಚಿ ಸಾರಿಗೆ ಬೀಳತೊಡಗಿದವು. ರಟ್ಟಿನ ಲೈಬ್ರರಿ ಕಟ್ಟಿ, ಅದರೊಳಗೆ ಬೆಂಕಿಕಡ್ಡಿಯ ಮನುಷ್ಯನನ್ನು ಕಪಾಟಿನಿಂದ ಕಪಾಟಿಗೆ ನಡೆಸಿದ್ದೂ ಆಯಿತು. ಅವನಷ್ಟು ಶಿಸ್ತಿನ ಓದುಗ ನಮ್ಮ ಸಂಘಕ್ಕೆ ಎಂದೂ ಬಂದಿರಲಿಲ್ಲ. ಇಷ್ಟೆಲ್ಲ ಮಾಡುವವಳು ಪುಸ್ತಕ ಎಂದೋ ಓದಿ ಮುಗಿಸಿರಬೇಕೆಂದು ನಾನು ನಂಬಿದ್ದೆ.

ಒಪ್ಪಿಸುವ ಹಿಂದಿನ ಸಂಜೆ ನನ್ನನ್ನೂ ಎಳೆದುಕೊಂಡು ಲೈಬ್ರರಿಗೆ ಹೋದಳು. ಕಪಾಟುಗಳಿಗೆ ರೇಷ್ಮೆ ಬಟ್ಟೆ ಹೊದಿಸಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿದ್ದರು. ನವರಾತ್ರಿಯ ಶಾರದಾ ಪೂಜೆ. ವಿಜಯದಶಮಿಯವರೆಗೆ ಪುಸ್ತಕ ಮುಟ್ಟುವಂತಿಲ್ಲ. ಅಷ್ಟು ಚೀಟಿಗಳಲ್ಲಿ ಪಂಚಾಂಗ ಒಂದಿರಲಿಲ್ಲ.

"ಸರಸ್ವತಿ ಕೂತಿದ್ದಾಳೆ ಮಗಾ, ದಸರಾ ಕಳೀಲಿ," ಎಂದರು ಸಂಘದ ಕಾರ್ಯದರ್ಶಿ.

"ಅಂಕಲ್, ನೀವು ಲಾಸ್ಟ್ ಬುಕ್ ಯಾವಾಗ ಓದಿದ್ದು?"

"ನಂಗೆಲ್ಲಿ ಟೈಮ್ ಮಾರಾಯ್ತಿ? ಪೂಜೆಯ ಓಡಾಟವೇ ಸಾಕಾಗ್ತದೆ."

ವರ್ಷವಿಡೀ ಧೂಳು ತಿನ್ನಿಸಿದ ಪುಸ್ತಕಕ್ಕೆ ನವರಾತ್ರಿಯಲ್ಲಿ ಮಂಗಳಾರತಿ ಎತ್ತುವ ಭಕ್ತಿ ನಮ್ಮದು. ಅವಳು ಅಲ್ಲೇ ಅತ್ತುಬಿಟ್ಟಳು. ನಾನು ಪ್ರಸಾದದ ಪಂಚಕಜ್ಜಾಯ ಅವಳ ಕೈಗಿಟ್ಟು ಮನೆಗೆ ಕರೆತಂದೆ.

ಮರುದಿನ ಬೇರೆ ದಾರಿ ಕಾಣದೆ ಚೀಟಿ, ರಟ್ಟು, ಬೆಂಕಿಕಡ್ಡಿಯ ಮನುಷ್ಯ ಎಲ್ಲವನ್ನೂ ಹೊತ್ತು ಲೋಕಲ್ ರೈಲು ಹತ್ತಿದಳು. ಮೇಡಂ ಅದನ್ನು ಇಡೀ ಕ್ಲಾಸಿಗೆ ತೋರಿಸಿ, ಎಲ್ಲರಿಗಿಂತ ಹೆಚ್ಚು ಮಾರ್ಕು ಕೊಟ್ಟರಂತೆ. ಪುಸ್ತಕ ಓದಿದ್ದೀಯಾ ಎಂದು ಕೇಳಲೇ ಇಲ್ಲವಂತೆ.

ಹಬ್ಬ ಕಳೆದ ಮೇಲೆ ಆ ಪುಸ್ತಕ ನಾನೇ ತಂದು ಓದಿದೆ. ಹೋಟೆಲಿನಲ್ಲಿ ಗಿರಾಕಿಗಳು ಎದ್ದ ಮೇಲೆ ಹುಡುಗರು ಮೇಜು ಒರೆಸಿ, ಅದರ ಮೇಲೇ ಪಾಠ ಬರೆಯುತ್ತಿದ್ದರಂತೆ.

"ನಿನ್ನ ಅಜ್ಜನೂ ಹಾಗೇ ಓದಿದ್ದು," ಎಂದೆ ಅವಳಿಗೆ.

"ಕ್ಯಾ! ಅಜ್ಜಿ, ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು ಫೀಲ್ ಅಲ್ವಾ ಮಗಾ."