ಮಸ್ಕಿಯ ಖಾಜಾನ ರಾಕ್ ಕ್ಯಾಸೆಟ್ಟಿನಲ್ಲಿ ಸಿಕ್ಕಿದ್ದು

ಗೆಳೆಯರೇ, ಎಂಬತ್ತು-ತೊಂಬತ್ತರ ದಶಕದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹುಡುಗರು ಗಿಟಾರ್ ಬಡಿದು ಹೊರತಂದ ಕ್ಯಾಸೆಟ್ಟುಗಳ ಪಟ್ಟಿ ಮಾಡುತ್ತಿದ್ದೇನೆ. ಹೆಂಡತಿ ತೀರಿಹೋದ ಮೇಲೆ ಇಂಥ ಹುಚ್ಚಿಗೆ ಮನೆಯಲ್ಲಿ ಬೈಯುವವರಿಲ್ಲ ನೋಡಿ. ಇವತ್ತು ಮಸ್ಕಿಯ ಖಾಜಾನ ಮನೆಗೆ ಹೋಗಿದ್ದೆ. ಅವನ ರಾಕ್ ಕ್ಯಾಸೆಟ್ಟಿನ ಲಾಸ್ಟ್ ಕಾಪಿ ಅವನ ಟ್ರಂಕಿನಲ್ಲೇ ಇತ್ತು. ಬೇರೆಲ್ಲೂ ಇಲ್ಲ.

ಹಾಕಿದೆವು. ಗಿಟಾರ್ ಬರಲಿಲ್ಲ, ಅವನ ಹೆಂಡತಿ ಶಮೀಮಳ ದನಿ ಬಂತು: "ತಮ್ಮಾ, ನಾವೆಲ್ಲಾ ಆರಾಮ ಅದೀವಿ. ನಿಮ್ಮ ಭಾವ ಮಾತ್ರ ದಿನಾ ಗಿಟಾರ್ ಹಿಡ್ಕೊಂಡು ಒದರಾಕತ್ತಾರ. ಆ ಗದ್ದಲಕ್ಕ ಎಮ್ಮಿ ಹಾಲ ಬಿಡವಲ್ದು."

ಆಗೆಲ್ಲ ಸೌದಿಗೆ ದುಡಿಯಲು ಹೋದವರಿಗೆ ಪತ್ರದ ಬದಲು ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು. ಶಮೀಮ್ ಗಂಡನ ಹಾಡಿನ ಮೇಲೆಯೇ ಮಾತು ತುಂಬಿ ಸೌದಿಯಲ್ಲಿದ್ದ ತನ್ನ ತಮ್ಮನಿಗೆ ಕಳಿಸಿದ್ದಾಳೆ. ತಮ್ಮ ಅದನ್ನು ಕೇಳಿ, ರಜೆಗೆ ಬಂದಾಗ ವಾಪಸು ತಂದಿಟ್ಟಿದ್ದಾನೆ.

ಖಾಜಾ ಕೂಗಿದ: "ಏ ಶಮೀಮ್, ನನ್ನ ಹಾಡೆಲ್ಲಾ ಅಳಿಸೀಯಲ್ಲಬೇ! ಇದೊಂದ ಉಳಿದಿತ್ತು!"

ಆಕೆ ಚಹಾ ಸೋಸುತ್ತಲೇ ಅಂದಳು: "ಮನ್ಯಾಗ ಯಾರೂ ಕೇಳದ ಕ್ಯಾಸೆಟ್ ಅದೊಂದ ಇತ್ತು ಬಿಡ್ರಿ."

ಎರಡೂ ಮಗ್ಗುಲು ಕೇಳಿದೆವು. ಪೂರ್ತಿ ಮಾತೇ. ಪಟ್ಟಿಯಲ್ಲಿ ಹೀಗೆ ಬರೆದುಕೊಂಡೆ: ಹಾಡು ಒಂದೂ ಉಳಿದಿಲ್ಲ. ವಿಮರ್ಶೆ ಮಾತ್ರ ಸೌದಿಯವರೆಗೂ ಹೋಗಿ ಬಂದಿದೆ.