ರಾಗಿ ಹಿಟ್ಟಿನ ಡಬ್ಬದಲ್ಲಿಟ್ಟ ಮಾತ್ರೆ

ಬೆಳಿಗ್ಗೆ ಆರಕ್ಕೆಲ್ಲ ನಮ್ಮ ಮನೆಯ ಗೋಡೆ ನನ್ನನ್ನು ಬೈಯಲು ಶುರುಮಾಡುತ್ತದೆ. ಗೋಡೆಯ ಆಚೆ ಅಕ್ಕನ ಮನೆ. ನಂದಿದುರ್ಗ ಎಂಬ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಎರಡು ಮನೆಗೆ ಒಂದೇ ಗೋಡೆ. ಅವಳು ಸೌಟಿನಿಂದ ಎರಡು ಸಲ ಕುಟ್ಟಿದರೆ ‘ಎದ್ದೆಯಾ’ ಎಂದು, ಮೂರು ಸಲ ಕುಟ್ಟಿದರೆ ‘ಸಾರು ತಗೊಂಡು ಹೋಗು’ ಎಂದು. ಹೋದ ವರ್ಷ ಆ ಗೋಡೆ ನಾಲ್ಕು ತಿಂಗಳು ಸುಮ್ಮನಿತ್ತು.

ನಾನು ಓದಿದ್ದು ಆರನೇ ಕ್ಲಾಸು. ನಮ್ಮ ಲೈನಿನಲ್ಲಿ ಕಾಯಿಲೆ ಎಂದರೆ ಕೆಮ್ಮು. ಗಣಿಗೆ ಇಳಿದ ಅಪ್ಪಂದಿರು ಕೆಮ್ಮಿ ಕೆಮ್ಮಿಯೇ ಹೋದರು. ಗೋಡೆಯಾಚೆ ಕೆಮ್ಮು ಕೇಳಿದರೆ ಕಷಾಯ ಹಿಡಿದು ಓಡುತ್ತಿದ್ದೆವು. ಅಕ್ಕ ಕೆಮ್ಮಲಿಲ್ಲ. ತಲೆ ಬಾಚಲಿಲ್ಲ, ಸರಿಯಾಗಿ ಉಣ್ಣಲಿಲ್ಲ, ಮಲಗಿಯೇ ಇದ್ದಳು. ನಾನು ಬಾಗಿಲಲ್ಲಿ ನಿಂತು, “ಸೋಮಾರಿತನ ಕಣಕ್ಕ ನಿಂದು” ಅಂದುಬಿಟ್ಟೆ.

ಕೊನೆಗೆ ರೈಲಿನಲ್ಲಿ ಬಂಗಾರಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದರು. ಹತ್ತು ದಿನವಾದರೂ ಅವಳು ನಗಲಿಲ್ಲ, ಹಗಲೆಲ್ಲ ತೂಕಡಿಸಿದಳು. ಇಂಥ ಮಾತ್ರೆ ಅಭ್ಯಾಸವಾಗಿಬಿಡುತ್ತದೆಂದು ನಲ್ಲಿಯ ಹತ್ತಿರ ಯಾರೋ ಅಂದರು. ಯಾರನ್ನೂ ಕೇಳದೆ ಮಾತ್ರೆಯ ಶೀಟನ್ನು ಅವಳದೇ ರಾಗಿ ಹಿಟ್ಟಿನ ಡಬ್ಬದಲ್ಲಿ ಹುದುಗಿಸಿಟ್ಟು, ಮುಗಿದವು ಎಂದೆ. ಅವಳು ಅಡುಗೆ ಮನೆಗೆ ಕಾಲಿಡುತ್ತಿರಲಿಲ್ಲವಲ್ಲ. ಎರಡು ವಾರದಲ್ಲಿ ನೀರು ಕುಡಿಯಲೂ ಏಳದಾದಳು.

ಆಸ್ಪತ್ರೆಯಿಂದ ಮನೆಗೇ ನೋಡಲು ಬಂದ ನರ್ಸಮ್ಮ ಅವಳ ಪಕ್ಕ ನೆಲದ ಮೇಲೆ ಕೂತು ನೇರವಾಗಿ ಕೇಳಿದರು: “ಸಾಯ್ಬೇಕು ಅನ್ನಿಸ್ತೈತಾ ಅಕ್ಕಾ?”

ಅಕ್ಕ ಹೌದೆಂದು ತಲೆಯಾಡಿಸಿ ತುಂಬ ಹೊತ್ತು ಅತ್ತಳು. ಆಮೇಲೆ ನೀರು ಕೇಳಿದಳು.

ಹೊರಗೆ ಬಂದು ನರ್ಸಮ್ಮನಿಗೆ ಡಬ್ಬದ ವಿಷಯ ಹೇಳಿ, ಶೀಟು ತಂದುಕೊಟ್ಟೆ. ಅವರು ಬೈಯಲಿಲ್ಲ. “ಈ ಮಾತ್ರೆ ಕೆಲ್ಸ ಮಾಡಕ್ಕೆ ವಾರಗಟ್ಲೆ ಬೇಕಮ್ಮ. ನೀವೇ ನಿಲ್ಲಿಸ್ಬಾರ್ದು. ಅವ್ರನ್ನ ಒಬ್ರನ್ನೇ ಬಿಡ್ಬೇಡಿ” ಎಂದು ಡಾಕ್ಟರಿಗೆ ಫೋನು ಮಾಡಿ ಮತ್ತೆ ಶುರುಮಾಡಿಸಿದರು. ನಾನು ಚಾಪೆ ತಂದು ಅಕ್ಕನ ಮನೆಯಲ್ಲೇ ಮಲಗತೊಡಗಿದೆ.

ಅಕ್ಕನಿಗೆ ದಿನಕ್ಕೆ ಒಂದೇ ಕೆಲಸ ಎಂದಿದ್ದರು ನರ್ಸಮ್ಮ. ಅದನ್ನು ನಾನು ಮಾಡಿಕೊಡಬಾರದು. ಒಂದು ದಿನ ತಲೆ ಬಾಚಿದಳು. ಇನ್ನೊಂದು ದಿನ ಬಾಗಿಲಿಗೆ ನೀರು ಹಾಕಿದಳು. ಒಂದೂವರೆ ತಿಂಗಳಿಗೆ ಮುದ್ದೆಗೆ ಎಸರಿಟ್ಟಳು. ಮುದ್ದೆ ಗಂಜಿಯಾಯಿತು. ಇಬ್ಬರೂ ಅದನ್ನು ಲೋಟದಲ್ಲಿ ಕುಡಿದೆವು. ಅವಳ ತುಟಿ ಸ್ವಲ್ಪ ಅಲುಗಿತು.

ಆದರೆ ನಾನು ಮಾಡಿದ್ದು ಅವಳಿಗೆ ಗೊತ್ತಾದರೆ ನನ್ನ ಮುಖ ನೋಡುತ್ತಾಳೋ ಇಲ್ಲವೋ ಎಂಬ ಭಯ ಹೋಗಲಿಲ್ಲ. ಅವಳ ಮುದ್ದೆ ಮತ್ತೆ ಗುಂಡಗೆ ಬಂದ ದಿನ, ತಟ್ಟೆ ನೋಡುತ್ತ ಹೇಳಿಬಿಟ್ಟೆ: “ಅಕ್ಕ, ಆವತ್ತು ಮಾತ್ರೆ ಮುಗ್ದಿರ್ಲಿಲ್ಲ. ನಾನೇ ಬಚ್ಚಿಟ್ಟಿದ್ದೆ.”

“ಗೊತ್ತು ಕಣೇ. ಶೀಟಿನ ಒಂದು ತುಂಡು ರಾಗಿ ಇಟ್ನಾಗೇ ಇತ್ತು. ಅದನ್ನ ನೋಡ್ತಾ ನಿಂತಿದ್ದಕ್ಕೇ ಮುದ್ದೆ ಗಂಜಿಯಾಗಿದ್ದು.”

“ಮತ್ತೆ ಯಾಕೆ ಬೈಲಿಲ್ಲ?”

“ಬೈಯಾಕೆ ಸಕ್ತಿ ಬರ್ಲಿ ಅಂತ ಕಾಯ್ತಿದ್ದೆ.”

ಅಂದು ಊಟ ಮುಗಿಯುವವರೆಗೂ ಬೈದಳು. ಕನ್ನಡ ಸಾಲದೆ ತೆಲುಗು, ಅದೂ ಸಾಲದೆ ತಮಿಳು. ನಾನು ಅಳುತ್ತ ನಗುತ್ತ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಅವಳ ಮಾತ್ರೆ ಇನ್ನೂ ನಡೆಯುತ್ತಿದೆ. ಬೈಗುಳವೂ. ಈಗ ಮೂರು ಸಲ ಕುಟ್ಟಿದಳು. ಪಾತ್ರೆ ಹಿಡಿದು ಹೋಗಬೇಕು.